ಜೋನಿ ಬೆಲ್ಲದಲ್ಲಿ ಜ್ವಾಲಾಮುಖಿ

(ಶಿವಮೊಗ್ಗದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ವಿಜ್ಞಾನ ವಸ್ತುಪ್ರದರ್ಶನ ಅಂದರೆ ಅಲ್ಲೊಂದು ಜ್ವಾಲಾಮುಖಿ ಇರಲೇಬೇಕು. ಮಣ್ಣಿನದೋ ಥರ್ಮಾಕೋಲಿನದೋ ಒಂದು ಗುಡ್ಡ. ನೆತ್ತಿಯಲ್ಲಿ ಹೂತಿಟ್ಟ ಬಾಟಲಿ, ಅದರೊಳಗೆ ಅಡುಗೆ ಸೋಡಾ. ಮೇಲಿಂದ ಕೆಂಪು ಬಣ್ಣ ಕಲಸಿದ ವಿನೆಗರ್. ನೊರೆ ಉಕ್ಕುತ್ತದೆ, ಚಪ್ಪಾಳೆ ಬೀಳುತ್ತದೆ, ಬಹುಮಾನವೂ ಬರುತ್ತದೆ. ಮುಂದಿನ ಸಾಲಿನಲ್ಲಿ ನಗುತ್ತಿರುವ ಮೇಷ್ಟ್ರುಗಳಲ್ಲಿ ಅರ್ಧ ಜನ ಇದನ್ನು ಮಾಡಿಸಿದವರೇ, ಅಲ್ವಾ?

ಆ ಗುಡ್ಡದ ಪಕ್ಕ ನಿಂತ ಹುಡುಗನನ್ನು ಒಂದು ಮಾತು ಕೇಳಿ ನೋಡಿ. "ನಿಜವಾದ ಜ್ವಾಲಾಮುಖಿ ಒಳಗೆ ಏನಿರುತ್ತೋ ಮರಿ?" "ಸೋಡಾ ಸಾರ್" ಅನ್ನುತ್ತಾನೆ. ಅವನ ತಪ್ಪೇನಿದೆ ಹೇಳಿ? ನಾವು ತೋರಿಸಿದ್ದೇ ಅದು.

ಇವತ್ತು ತಿನ್ನುವ ಪದಾರ್ಥಗಳಿಂದ ಜ್ವಾಲಾಮುಖಿ ಪಾಠ ಮಾಡುವ ಬಗ್ಗೆ ಮಾತಾಡುತ್ತೇನೆ. ನನ್ನ ತಕರಾರು ಒಂದೇ. ಒಂದು ಪ್ರಯೋಗದಲ್ಲಿ ಇಡೀ ಜ್ವಾಲಾಮುಖಿಯನ್ನು ತೋರಿಸಲು ಹೋಗಬೇಡಿ. ಒಂದು ತಿಂಡಿ ಒಂದೇ ಸಂಗತಿ ಹೇಳಲಿ. ಆಮೇಲೆ, ಈ ತಿಂಡಿ ಎಲ್ಲಿ ನಿಜ ಹೇಳಿತು, ಎಲ್ಲಿ ಸುಳ್ಳು ಹೇಳಿತು ಅಂತ ಮಕ್ಕಳ ಕೈಲೇ ಹೇಳಿಸಿ. ಪಾಠ ಇರುವುದು ಆ ಎರಡನೇ ಭಾಗದಲ್ಲಿ.

ಸೋಡಾ ಗುಡ್ಡದಿಂದಲೇ ಶುರು ಮಾಡೋಣ. ವಿನೆಗರ್ ಬಿಡಿ, ನಿಂಬೆಹಣ್ಣು ತನ್ನಿ. ಬಣ್ಣದ ಪುಡಿಯೂ ಬೇಡ. ಸಾಗರ, ಹೊಸನಗರದ ಕಡೆಯವರ ಮನೆಯಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿಟ್ಟಿರುತ್ತಾರೆ. ಅದನ್ನು ನೆನೆಸಿದರೆ ಲಾವಾರಸದ ಕೆಂಪು ಸಿಗುತ್ತದೆ, ಹುಳಿಯೂ ಸಿಗುತ್ತದೆ. ಲೋಟದಲ್ಲಿ ಆ ಪಾನಕ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ, ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸಿ. ಚಿಟಿಕೆ ಸಾಕು. ಜಾಸ್ತಿ ಹಾಕಿದರೆ ರುಚಿಯೂ ಕೆಡುತ್ತದೆ, ಮುರುಗಲಿನ ಕೆಂಪೂ ಮಂಕಾಗುತ್ತದೆ. ಪೊಟ್ಟಣದ ಮೇಲಿನ ಹೆಸರು ಓದಿಯೇ ತನ್ನಿ. ಬಟ್ಟೆ ಸೋಡಾ ಬೇರೆ, ಅದು ಹೊಟ್ಟೆಗೆ ಹೋಗಬಾರದು.

ನೊರೆ ಬರುತ್ತಿರುವಾಗಲೇ ಮಕ್ಕಳಿಗೆ ಲೋಟವನ್ನು ಕೈಯಲ್ಲಿ ಹಿಡಿಯಲು ಹೇಳಿ. ಬಿಸಿ ಆಯ್ತಾ? ಇಲ್ಲ, ತಣ್ಣಗಾಗುತ್ತದೆ! ಅಂಗಡಿಯ ನಿಂಬೆ ಉಪ್ಪಿನಲ್ಲಿ, ಅಂದರೆ ಸಿಟ್ರಿಕ್ ಆಮ್ಲದ ಪುಡಿಯಲ್ಲಿ, ಮಾಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಹುಳಿಯೂ ಸೋಡಾವೂ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತವೆ. ಹವಾಯಿಯ ಕಿಲಾವಿಯ ಜ್ವಾಲಾಮುಖಿಯ ಲಾವಾರಸ ಹೊರಗೆ ಬರುವಾಗ 1,100 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ನಮ್ಮದು ಕೈ ತಣ್ಣಗೆ ಮಾಡುವ ಜ್ವಾಲಾಮುಖಿ! ಸುಳ್ಳು ಇಲ್ಲಿದೆ. ನಿಜ ಎಲ್ಲಿದೆ? ದ್ರವವನ್ನು ಮೇಲಕ್ಕೆ ನೂಕಿದ್ದು ಅನಿಲ. ಅದೊಂದು ಮಾತ್ರ ನಿಜ. ಅದನ್ನು ಇಟ್ಟುಕೊಂಡು ಮುಂದಕ್ಕೆ ಹೋಗೋಣ.

ಈಗ ಗೋಲಿ ಸೋಡಾ. ನನ್ನ ಲೆಕ್ಕದಲ್ಲಿ ಜ್ವಾಲಾಮುಖಿಗೆ ಇದಕ್ಕಿಂತ ಹತ್ತಿರದ ಪಾನೀಯ ಇಲ್ಲ. ಬಾಟಲಿ ಮುಚ್ಚಿದ್ದಾಗ ನೋಡಿ, ಒಳಗೆ ಗುಳ್ಳೆಯೇ ಕಾಣುವುದಿಲ್ಲ. ತಿಳಿ ನೀರು. ಗೋಲಿ ಒತ್ತಿದ ಕೂಡಲೇ ಎಲ್ಲಿಂದಲೋ ಗುಳ್ಳೆ. ಎಲ್ಲಿತ್ತು ಅದು? ನೀರಿನಲ್ಲೇ ಕರಗಿತ್ತು. ಒತ್ತಡ ಇರುವಷ್ಟು ಹೊತ್ತು ಕರಗಿಯೇ ಇರುತ್ತದೆ, ಒತ್ತಡ ಹೋದಾಗ ಬಿಟ್ಟು ಬರುತ್ತದೆ. ನೆಲದಡಿಯ ಶಿಲಾಪಾಕದಲ್ಲೂ, ಅಂದರೆ ಕರಗಿದ ಕಲ್ಲಿನಲ್ಲೂ, ಹೀಗೇ. ಅದರಲ್ಲಿ ನೀರು, ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳು ಕರಗಿರುತ್ತವೆ. ಆಳದಲ್ಲಿ ಮೇಲಿನ ಕಲ್ಲಿನ ಭಾರ ಅವನ್ನು ಅದುಮಿಟ್ಟಿರುತ್ತದೆ. ಶಿಲಾಪಾಕ ಮೇಲೇರುತ್ತಾ ಬಂದಂತೆ ಭಾರ ಕಮ್ಮಿಯಾಗುತ್ತದೆ, ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಪಾಕ ಹಗುರ, ಅದು ಇನ್ನೂ ಬೇಗ ಮೇಲೇರುತ್ತದೆ. ಇಲ್ಲಿ ಯಾರೂ ಯಾವ ಹುಳಿಯನ್ನೂ ಸುರಿಯುತ್ತಿಲ್ಲ, ಗಮನಿಸಿ.

ನಿಂಬೆ ಸೋಡಾ ಮಾಡುವವರು ಉಪ್ಪು ಹಾಕುವಾಗ ಲೋಟವನ್ನು ಯಾಕೆ ಅರ್ಧ ಖಾಲಿ ಬಿಟ್ಟಿರುತ್ತಾರೆ? ಉಪ್ಪು ಬಿದ್ದ ಕೂಡಲೇ ಬುಸ್ ಅಂತ ಉಕ್ಕುತ್ತದೆ. ಉಪ್ಪಿನ ಹರಳುಗಳ ಒರಟು ಮೈ ಗುಳ್ಳೆ ಹುಟ್ಟಲು ಜಾಗ ಕೊಡುತ್ತದೆ. ಶಿಲಾಪಾಕದಲ್ಲಿ ಆಗಲೇ ಗಟ್ಟಿಯಾದ ಸಣ್ಣ ಹರಳುಗಳೂ ಇದೇ ಕೆಲಸ ಮಾಡಬಲ್ಲವು. ಮಕ್ಕಳಿಗೆ ಒಂದು ಲೋಟಕ್ಕೆ ಪುಡಿ ಉಪ್ಪು, ಇನ್ನೊಂದಕ್ಕೆ ಕಲ್ಲುಪ್ಪು ಕೊಡಿ. ಯಾವುದು ಜೋರು ಅಂತ ಮೊದಲೇ ಬಾಜಿ ಕಟ್ಟಿಸಿ. ಆಮೇಲೆ ಕುಡಿಯಲಿ.

ಸೋಡಾ ಕುಡಿಯುತ್ತಾ ಕೂತ ದೊಡ್ಡ ಮಕ್ಕಳಿಗೆ ನ್ಯೋಸ್ ಕೆರೆಯ ಕಥೆ ಹೇಳಿ. ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ಜ್ವಾಲಾಮುಖಿಯ ಹಳೆಯ ಬಾಯಲ್ಲಿ ನೀರು ನಿಂತು ಆದ ಕೆರೆ ಅದು. ತಳದಿಂದ ಇಂಗಾಲದ ಡೈಆಕ್ಸೈಡ್ ಒಸರಿ ಆಳದ ನೀರಿನಲ್ಲಿ ಕರಗುತ್ತಾ ಹೋಯಿತು. 1986ರ ಆಗಸ್ಟ್ 21ರ ರಾತ್ರಿ ಕೆರೆ ಏಕಾಏಕಿ ಉಕ್ಕಿತು. ಬೆಂಕಿ ಇಲ್ಲ, ಲಾವಾ ಇಲ್ಲ. ಗಾಳಿಗಿಂತ ಭಾರವಾದ ಅನಿಲ ಕಣಿವೆಗಳಲ್ಲಿ ಇಳಿದು ಹರಡಿತು. ಸುಮಾರು 1,700 ಜನ, ಸಾವಿರಾರು ದನಕರು ಉಸಿರುಗಟ್ಟಿ ಸತ್ತರು. ಈಗ ಅಲ್ಲಿ ಕೆರೆಯ ಆಳಕ್ಕೆ ಕೊಳವೆ ಇಳಿಬಿಟ್ಟು ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುತ್ತಾರೆ. ಐದನೇ ಕ್ಲಾಸಿನ ಒಳಗಿನವರಿಗೆ ಈ ಕಥೆ ಬೇಡ. ಏಳನೇ ಕ್ಲಾಸಿನವರು ಮಾತ್ರ ಸೋಡಾ ಬಾಟಲಿಯನ್ನು ಬೇರೆ ಥರ ನೋಡಲು ಶುರು ಮಾಡುತ್ತಾರೆ.

ಇನ್ನು ಜೋನಿ ಬೆಲ್ಲ, ಅಂದರೆ ಅಚ್ಚು ಕಟ್ಟದ ಮಂದ ದ್ರವದ ಬೆಲ್ಲ. ನಾನು ಇಲ್ಲಿಗೆ ಬಂದದ್ದೇ ಇದನ್ನು ಹೇಳಲು ಅಂತ ಇಟ್ಟುಕೊಳ್ಳಿ.

ಕೆಲವು ಜ್ವಾಲಾಮುಖಿ ಸುಮ್ನೆ ಹರಿಯುತ್ತವೆ, ಕೆಲವು ಸಿಡಿಯುತ್ತವೆ. ಯಾಕೆ? ಪಠ್ಯದಲ್ಲಿ "ಸ್ನಿಗ್ಧತೆ" ಅಂತ ಒಂದು ಪದ ಇರುತ್ತದೆ, ದ್ರವ ಹರಿಯಲು ಎಷ್ಟು ಮೊಂಡು ಹಿಡಿಯುತ್ತದೆ ಅಂತ ಅದರ ಅರ್ಥ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ನೀವು ಒಂದು ಸ್ಟೀಲ್ ತಟ್ಟೆಯನ್ನು ಓರೆಯಾಗಿ ನಿಲ್ಲಿಸಿ. ಮೇಲಂಚಿನಲ್ಲಿ ಒಂದೊಂದು ಚಮಚ ಮಜ್ಜಿಗೆ, ಕಬ್ಬಿನ ಹಾಲು, ಜೇನುತುಪ್ಪ, ಜೋನಿ ಬೆಲ್ಲ ಬಿಡಿ. ಮಜ್ಜಿಗೆ ಓಡುತ್ತದೆ. ಜೋನಿ ಬೆಲ್ಲ ಯೋಚನೆ ಮಾಡುತ್ತಾ ಇಳಿಯುತ್ತದೆ. ಆಮೇಲೆ ಅದೇ ಜೋನಿ ಬೆಲ್ಲದ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ಬಿಡಿ. ಈಗ ಓಡುತ್ತದೆ. ಮೂರನೇ ಸಲ ಅದಕ್ಕೆ ಚೂರು ಹುರಿದ ರವೆ ಕಲಸಿ. ನಿಧಾನ ಆಯಿತು. ಬಿಸಿ ಹೆಚ್ಚಾದರೆ ಹರಿವು ಹೆಚ್ಚು, ಒಳಗೆ ಹರಳು ಸೇರಿದರೆ ಹರಿವು ಕಮ್ಮಿ. ನೀವು ಬಾಯಿ ಬಿಡದೇ ಎರಡು ಸಂಗತಿ ಅವರಿಗೆ ಗೊತ್ತಾಯಿತು. ಮೂರನೆಯದನ್ನು ಮಾತ್ರ ನೀವೇ ಹೇಳಬೇಕು. ಅದು ಸಿಲಿಕಾ, ಮರಳಿನಲ್ಲಿರುವ ವಸ್ತು; ಅದು ಹೆಚ್ಚಾದಷ್ಟೂ ಲಾವಾ ಮಂದ. ಬಸಾಲ್ಟ್ ಲಾವಾದಲ್ಲಿ ಸಿಲಿಕಾ ಸುಮಾರು ಅರ್ಧದಷ್ಟು, ಅದು ಹರಿಯುವ ಜಾತಿ. ರಯೋಲೈಟ್ ಲಾವಾದಲ್ಲಿ ನೂರಕ್ಕೆ 70ರ ಮೇಲೆ, ಅದು ಅಂಟಿನ ಜಾತಿ.

ಈಗ ಸಿಡಿಯುವ ವಿಷಯ. ಒಂದು ಲೋಟದಲ್ಲಿ ಮಜ್ಜಿಗೆ, ಇನ್ನೊಂದರಲ್ಲಿ ಜೋನಿ ಬೆಲ್ಲ. ಎರಡಕ್ಕೂ ಸ್ಟ್ರಾ ಹಾಕಿ ಊದಿಸಿ. ಮಜ್ಜಿಗೆಯಲ್ಲಿ ಗುಳ್ಳೆ ಗುಳುಗುಳು ಅಂತ ಎದ್ದು ಹೋಗುತ್ತದೆ, ಯಾರಿಗೂ ತೊಂದರೆ ಇಲ್ಲ. ಜೋನಿ ಬೆಲ್ಲದಲ್ಲಿ ಮೊದಲು ಊದಲಿಕ್ಕೇ ಆಗುವುದಿಲ್ಲ. ಕೆನ್ನೆ ಉಬ್ಬಿಸಿ ಊದಬೇಕು. ಆಮೇಲೆ ಒಂದೇ ಒಂದು ದೊಡ್ಡ ಗುಳ್ಳೆ ನಿಧಾನಕ್ಕೆ ಎದ್ದು, ಉಬ್ಬಿ, ಟಪ್ ಅಂತ ಒಡೆದು ಮೂಗಿಗೆಲ್ಲ ಹಾರುತ್ತದೆ. ತರಗತಿಯಲ್ಲಿ ಗಲಾಟೆ ಆಗುವುದು ಖಂಡಿತ. ಆಗಲಿ. ಆ ಗಲಾಟೆ ಇಳಿಯುವ ಮೊದಲೇ ಪ್ರಶ್ನೆ ಹಾಕಿ: ಗುಳ್ಳೆ ಸಲೀಸಾಗಿ ಹೊರಬಂದರೆ ಏನಾಗುತ್ತೆ, ಸಿಕ್ಕಿಹಾಕಿಕೊಂಡರೆ ಏನಾಗುತ್ತೆ? ಕಿಲಾವಿಯದಲ್ಲಿ ಬಹಳ ಸಲ ಲಾವಾ ಹರಿಯುತ್ತದೆ, ಜನ ದೂರ ನಿಂತು ನೋಡುತ್ತಾರೆ. ಇಂಡೋನೇಷ್ಯಾದ ತಂಬೋರಾ 1815ರಲ್ಲಿ ಸಿಡಿದಾಗ ಮೇಲಕ್ಕೆ ಹಾರಿದ ಗಂಧಕದ ಅನಿಲ ಬಿಸಿಲನ್ನು ಎಷ್ಟು ತಡೆಯಿತು ಅಂದರೆ, ಮರುವರ್ಷ ಯುರೋಪಿನಲ್ಲಿ, ಅಮೆರಿಕದಲ್ಲಿ ಬೇಸಿಗೆಯೇ ಸರಿಯಾಗಿ ಬರಲಿಲ್ಲ, ಬೆಳೆ ಹಾಳಾಯಿತು.

ಒಬ್ಬೊಬ್ಬರಿಗೆ ಒಂದೊಂದು ಸ್ಟ್ರಾ ಕೊಡಿ, ಊದಿದ ಲೋಟ ಅವರವರಿಗೇ. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ, ಆದರೂ ಹೇಳಿಬಿಡುತ್ತೇನೆ.

ಬೆಲ್ಲದ ಮಾತು ಬಂದ ಮೇಲೆ ಆಲೆಮನೆ ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ವಿಷಯಾಂತರ ಅನ್ನಿಸಿದರೂ ಕೇಳಿ, ಕೊನೆಗೆ ಕಲ್ಲಿಗೇ ಬಂದು ನಿಲ್ಲುತ್ತೇನೆ. ಸಂಕ್ರಾಂತಿ ಆಸುಪಾಸಿನಲ್ಲಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಆಲೆಮನೆ ನಡೆಯುತ್ತದೆ. ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗಿ, ಕೊಪ್ಪರಿಗೆಯಿಂದ ದೂರ ನಿಲ್ಲಿಸಿ. ಮೊದಲು ಕಬ್ಬಿನ ಹಾಲು ನೀರಿನ ಹಾಗೆ ಕುದಿಯುತ್ತದೆ. ನೀರಂಶ ಆರಿದ ಹಾಗೆ ಗುಳ್ಳೆ ದಪ್ಪ ಆಗುತ್ತದೆ, ಸದ್ದೂ ಬದಲಾಗುತ್ತದೆ. ಸ್ವಲ್ಪ ಮುಂಚೆ ಇಳಿಸಿದರೆ ಜೋನಿ, ಇನ್ನೂ ಕಾಯಿಸಿದರೆ ಅಚ್ಚಿನ ಬೆಲ್ಲ. ಪಾಕ ಬಂತೋ ಇಲ್ಲವೋ ಅಂತ ಹೇಗೆ ನೋಡುತ್ತಾರೆ? ತಣ್ಣೀರಿಗೆ ಚೂರು ಬಿಡುತ್ತಾರೆ. ಬಿದ್ದ ಪಾಕದ ಹೊರಮೈ ತಟ್ಟನೆ ಬಿಗಿದುಕೊಳ್ಳುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ. ಬೆರಳಲ್ಲಿ ಒತ್ತಿ ಉಂಡೆ ಕಟ್ಟಿತೋ ಇಲ್ಲವೋ ನೋಡುತ್ತಾರೆ. ಮನೆಯಲ್ಲಿ ಚಿಕ್ಕಿ ಮಾಡುವ ಅಮ್ಮಂದಿರು ಮಾಡುವುದೂ ಇದನ್ನೇ.

ಚಿತ್ರದುರ್ಗ ಜಿಲ್ಲೆಯಲ್ಲಿ ಮರಡಿಹಳ್ಳಿ ಅಂತ ಒಂದು ಊರಿದೆ. ಅಲ್ಲಿನ ಬಂಡೆಗಳು ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುತ್ತವೆ. ದಿಂಬು ಲಾವಾ ಅಂತಲೇ ಅದಕ್ಕೆ ಹೆಸರು. ಲಾವಾರಸ ನೀರಿನಡಿಯಲ್ಲಿ ಹೊರಬಂದರೆ ಹೀಗಾಗುತ್ತದೆ. ಹೊರಮೈ ತಟ್ಟನೆ ತಣಿದು ಸಿಪ್ಪೆ ಕಟ್ಟುತ್ತದೆ. ಒಳಗಿನ ರಸ ಒತ್ತಿ, ಸಿಪ್ಪೆ ಬಿರಿದು, ಪಕ್ಕದಲ್ಲಿ ಇನ್ನೊಂದು ದಿಂಬು ಮೂಡುತ್ತದೆ. ಸುಮಾರು 250 ಕೋಟಿ ವರ್ಷದ ಹಿಂದಿನ ಕಲ್ಲು ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಮಳೆಗಾಗಿ ಆಕಾಶ ನೋಡುವ ಚಿತ್ರದುರ್ಗದ ಆ ನೆಲ ಒಂದು ಕಾಲಕ್ಕೆ ನೀರಿನಡಿ ಇತ್ತು ಅನ್ನುವುದಕ್ಕೆ ಆ ದಿಂಬುಗಳೇ ಸಾಕ್ಷಿ. ಬೆಲ್ಲದ ಪಾಕ ನೀರಿಗೆ ಬಿದ್ದದ್ದನ್ನು ನೋಡಿದ ಮಗುವಿಗೆ ಇದನ್ನು ಹೇಳಿದರೆ ಎರಡನೇ ಸಲ ಹೇಳಬೇಕಾಗುವುದಿಲ್ಲ.

ಆದರೆ ಒಂದು ಎಚ್ಚರಿಕೆ. ಪಾಕ ಕಾಯಿಸುವುದು ದೊಡ್ಡವರ ಕೆಲಸ. ಕುದಿಯುವ ನೀರಿಗಿಂತ ಪಾಕದ ಬಿಸಿ ಜಾಸ್ತಿ, ಮೇಲಾಗಿ ಮೈಗೆ ಬಿದ್ದರೆ ಅಂಟಿಕೊಳ್ಳುತ್ತದೆ. ಮಕ್ಕಳು ನೋಡಲಿ, ತಣಿದ ಮೇಲೆ ತಿನ್ನಲಿ. ಶಾಲೆಯಲ್ಲಿ ಒಲೆ ಹತ್ತಿಸುವ ಪ್ರಯೋಗ ಯಾವುದೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಒಲೆ ಬೇಡದ ಒಂದು ಪ್ರಯೋಗ ಹೇಳುತ್ತೇನೆ, ಮಂಡಕ್ಕಿ. ನೀರಿನ ಬಟ್ಟಲಿಗೆ ಒಂದು ಹಿಡಿ ಅಕ್ಕಿ, ಒಂದು ಹಿಡಿ ಮಂಡಕ್ಕಿ ಹಾಕಿಸಿ. ಅಕ್ಕಿ ಮುಳುಗಿತು, ಮಂಡಕ್ಕಿ ತೇಲಿತು. ಎರಡೂ ಅಕ್ಕಿಯೇ ತಾನೇ? ಕಾದ ಮರಳಿನಲ್ಲಿ ಕಾಳಿನೊಳಗಿನ ತೇವ ಆವಿಯಾಗಿ ಉಬ್ಬುತ್ತದೆ, ಉಬ್ಬಿದ ಆಕಾರವೇ ಗಟ್ಟಿಯಾಗುತ್ತದೆ. ಜ್ವಾಲಾಮುಖಿ ಸಿಡಿದಾಗ ನೊರೆಯೆದ್ದ ಲಾವಾ ಗಾಳಿಯಲ್ಲೇ ತಣಿದರೆ ಪ್ಯೂಮಿಸ್ ಎಂಬ ಕಲ್ಲಾಗುತ್ತದೆ. ಅದರ ತುಂಬ ತೂತು, ಅದಕ್ಕೇ ನೀರಿನಲ್ಲಿ ತೇಲುತ್ತದೆ. 1883ರಲ್ಲಿ ಕ್ರಕಟೋವಾ ಸಿಡಿದ ಮೇಲೆ ಇಂಥ ಕಲ್ಲಿನ ರಾಶಿಗಳು ಹಿಂದೂ ಮಹಾಸಾಗರವನ್ನೇ ದಾಟಿ ಆಫ್ರಿಕಾದ ದಡ ಸೇರಿದವು. ನೆನೆದ ಮಂಡಕ್ಕಿಯನ್ನು ಹಿಂಡಿ ಒಗ್ಗರಣೆಗೆ ಹಾಕಿ, ವ್ಯರ್ಥ ಮಾಡಬೇಡಿ. ಬಿಸಿಯೂಟದ ಅಕ್ಕಂದಿರಿಗೆ ಬೆಳಿಗ್ಗೆಯೇ ಹೇಳಿಟ್ಟರೆ ಅವರೇ ಒಗ್ಗರಣೆ ಹಾಕಿಕೊಡುತ್ತಾರೆ.

ಮಂಡಕ್ಕಿ ಪಾಠ ಆದ ಮೇಲೆ ಯಾರಾದರೂ ಒಬ್ಬರು ಗೋಡೆ ಕಡೆ ಕೈ ತೋರಿಸಿಯೇ ತೋರಿಸುತ್ತಾರೆ. "ಮಿಸ್, ನಮ್ಮ ಶಾಲೆ ಗೋಡೆಯ ಜಂಬಿಟ್ಟಿಗೆಯಲ್ಲೂ ತೂತಿದೆ. ಅದೂ ಲಾವಾನಾ?" ಈ ಪ್ರಶ್ನೆ ಬಂದರೆ ನಿಮ್ಮ ಪಾಠ ಗೆದ್ದಿದೆ ಅಂತ ತಿಳಿಯಿರಿ. ಉತ್ತರ ಮಾತ್ರ, ಅಲ್ಲ. ಜಂಬಿಟ್ಟಿಗೆಯ ತೂತು ಅನಿಲ ಕೊರೆದದ್ದಲ್ಲ, ಮಳೆ ಕೊರೆದದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುತ್ತದೆ. ಇಂಥ ಮಳೆ, ಮಧ್ಯೆ ಬಿಸಿಲು, ಹೀಗೇ ಲಕ್ಷಾಂತರ ವರ್ಷ ನಡೆದರೆ ಕಲ್ಲಿನಲ್ಲಿ ಕರಗುವುದೆಲ್ಲ ತೊಳೆದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿಯುತ್ತದೆ. ಕೆಂಪು ಬಣ್ಣ ಕಬ್ಬಿಣದ್ದು. ಚಪಾತಿ ಹಿಟ್ಟಿನ ಉಂಡೆಗೆ ಕಲ್ಲುಸಕ್ಕರೆ ಚೂರುಗಳನ್ನು ಒತ್ತಿ, ನೀರಿನಲ್ಲಿ ಮುಳುಗಿಸಿಟ್ಟು ಮಧ್ಯಾಹ್ನ ತೆಗೆದು ನೋಡಿ. ಸಕ್ಕರೆ ಕರಗಿ ಗುಳಿ ಉಳಿದಿರುತ್ತದೆ. ಪಕ್ಕದಲ್ಲಿ ಒಂದು ಇಡ್ಲಿ ಮುರಿದಿಡಿ. ಇಡ್ಲಿಯ ತೂತು ಅನಿಲದ್ದು, ಉಂಡೆಯ ತೂತು ನೀರಿನದ್ದು. ತೂತು ಕಂಡಲ್ಲೆಲ್ಲ ಜ್ವಾಲಾಮುಖಿ ಅನ್ನಬಾರದು ಅಂತ ಅವರೇ ಹೇಳುತ್ತಾರೆ.

ಕಲ್ಲುಸಕ್ಕರೆ ಹೇಗೂ ತಂದಿರುತ್ತೀರಿ. ಅದರ ಜೊತೆ ಒಂದು ಗಾಜಿನಂಥ ಪೆಪ್ಪರಮೆಂಟು ಇಟ್ಟು ಭೂತಗನ್ನಡಿಯಲ್ಲಿ ತೋರಿಸಿ. ಎರಡೂ ಸಕ್ಕರೆಯದೇ. ನಿಧಾನವಾಗಿ ಆದದ್ದು ದೊಡ್ಡ ಹರಳು, ಬೇಗ ತಣಿದದ್ದು ಹರಳೇ ಇಲ್ಲದ ಗಾಜು. ನೆಲದಾಳದಲ್ಲಿ ನಿಧಾನಕ್ಕೆ ತಣಿದ ಗ್ರಾನೈಟ್‌ನಲ್ಲಿ ಹರಳುಗಳು ಬರಿಗಣ್ಣಿಗೆ ಕಾಣುತ್ತವೆ. ಬೇಗ ತಣಿದ ಲಾವಾ ಅಬ್ಸಿಡಿಯನ್ ಎಂಬ ಕಪ್ಪು ಗಾಜಾಗುತ್ತದೆ. ಇದು ಐದು ನಿಮಿಷದ ಪಾಠ, ಎಳೆಯಬೇಡಿ.

ಕೂವೆ ಹಿಟ್ಟು ಮಾಡುವ ಮನೆಯವರು ಇಲ್ಲಿ ಯಾರಾದರೂ ಇದ್ದೀರಾ? ಕೂವೆ ಗೆಡ್ಡೆ ತುರಿದು, ನೀರಿನಲ್ಲಿ ಕದಡಿ, ತಳಕ್ಕೆ ಕೂತ ಹಿಟ್ಟನ್ನು ಬಿಸಿಲಿಗೆ ಇಟ್ಟರೆ ಒಣಗುತ್ತಾ ಬಿರುಕು ಬಿಡುತ್ತದೆ. ಕೂವೆ ಇಲ್ಲದಿದ್ದರೆ ಕಾರ್ನ್‌ಫ್ಲೋರ್ ಆದೀತು. ಸಮಪಾಲು ನೀರಿನಲ್ಲಿ ಕಲಸಿ ಬಟ್ಟಲಲ್ಲಿ ದಪ್ಪಗೆ ಹುಯ್ದು, ಅಲುಗಾಡಿಸದೆ ಪೂರ್ತಿ ಒಣಗಲು ಬಿಡಿ. ಮುರಿದರೆ ಒಳಗೆ ಸಣ್ಣ ಸಣ್ಣ ಕಂಬಗಳು ಸಿಗುತ್ತವೆ. ವಿಜ್ಞಾನಿಗಳೇ ಇದನ್ನು ಒಣಗಿಸಿ ಲಾವಾ ಕಂಬಗಳ ಅಧ್ಯಯನ ಮಾಡಿದ್ದಾರೆ. ನಮಗೆ ಆ ಕಂಬ ಇರುವುದು ಘಟ್ಟ ಇಳಿದರೆ, ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ. ಶಾಲಾ ಪ್ರವಾಸದಲ್ಲಿ ಮಕ್ಕಳು ಆ ಕಂಬಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡು ಬರುತ್ತಾರೆ, ಅದೇನು ಅಂತ ಯಾರೂ ಹೇಳಿರುವುದಿಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ, ಹೊರಬಂದ ಲಾವಾ ಅದು. ತಣಿಯುತ್ತಾ ಕುಗ್ಗಿ ಬಿರಿದು ಕಂಬವಾಯಿತು. ಹಿಟ್ಟು ಎಲ್ಲಿ ಸುಳ್ಳು ಹೇಳಿತು ಅಂತ ಕೇಳಿ. ಹಿಟ್ಟು ಕುಗ್ಗಿದ್ದು ನೀರು ಹೋಗಿದ್ದಕ್ಕೆ, ಲಾವಾ ಕುಗ್ಗಿದ್ದು ಬಿಸಿ ಹೋಗಿದ್ದಕ್ಕೆ.

ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ಕಲ್ಲಿನ ಕಥೆಯೇ ಬೇರೆ, ಎರಡನ್ನೂ ಬೆರೆಸಬೇಡಿ. ಅದು ದಖ್ಖನ್ ಲಾವಾ, ಸುಮಾರು 6.6 ಕೋಟಿ ವರ್ಷದ್ದು. ಇವತ್ತಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿಕೊಂಡಿದೆ. ಅಷ್ಟು ಲಾವಾದಲ್ಲಿ ಬಹುಪಾಲು ಬಂದದ್ದು ಚೂಪು ಬೆಟ್ಟದ ತುದಿಯಿಂದಲ್ಲ, ನೆಲದ ಉದ್ದುದ್ದ ಸೀಳುಗಳಿಂದ. ಎರಡು ತುಂಡು ದೋಸೆ ಒತ್ತೊತ್ತಾಗಿ ಇಟ್ಟು, ಅಡಿಯಲ್ಲಿ ಜೋನಿ ಬೆಲ್ಲ ಹಾಕಿ ಮೆಲ್ಲಗೆ ಅದುಮಿಸಿ. ಸೀಳಿನುದ್ದಕ್ಕೂ ಬೆಲ್ಲ ಬರುತ್ತದೆ. ಜ್ವಾಲಾಮುಖಿ ಬಿಡಿಸು ಅಂದರೆ ಎಲ್ಲ ಮಕ್ಕಳೂ ತ್ರಿಕೋನ ಬರೆಯುತ್ತಾರಲ್ಲ, ಆ ತ್ರಿಕೋನ ಇಲ್ಲಿ ಒಡೆಯುತ್ತದೆ.

ಆಗ ಇನ್ನೊಂದು ಪ್ರಶ್ನೆ ಬರುತ್ತದೆ, ಉತ್ತರ ಜೇಬಿನಲ್ಲಿರಲಿ. "ಕೊಡಚಾದ್ರಿ ಯಾವಾಗ ಸಿಡಿಯುತ್ತೆ?" ಸಿಡಿಯುವುದಿಲ್ಲ. ಬೆಟ್ಟ ಚೂಪಾಗಿದ್ದ ಮಾತ್ರಕ್ಕೆ ಜ್ವಾಲಾಮುಖಿ ಆಗುವುದಿಲ್ಲ, ಕೆಳಗೆ ಕರಗಿದ ಕಲ್ಲು ಇರಬೇಕು. ನಮ್ಮ ದೇಶದಲ್ಲಿ ಈಗ ಜೀವಂತ ಜ್ವಾಲಾಮುಖಿ ಅಂದರೆ ಅಂಡಮಾನಿನ ಬ್ಯಾರನ್ ದ್ವೀಪದ್ದು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಇದನ್ನು ಕೇಳಿ ಸಣ್ಣ ಮಕ್ಕಳು ನಿರಾಳರಾಗುತ್ತಾರೆ, ದೊಡ್ಡವರಿಗೆ ಸ್ವಲ್ಪ ಬೇಜಾರಾಗುತ್ತದೆ.

ಸಿಲಬಸ್ ಮುಗಿಸಲಿಕ್ಕೇ ಟೈಮ್ ಇಲ್ಲ, ಇದನ್ನೆಲ್ಲ ಯಾವಾಗ ಮಾಡಿಸೋದು ಅಂತ ಹಿಂದಿನ ಸಾಲಿನ ಮೇಡಂ ಕೇಳುತ್ತಿದ್ದಾರೆ. ಎಲ್ಲ ಮಾಡಿಸಬೇಡಿ. ಎರಡೇ ಮಾಡಬಹುದು ಅಂದರೆ ಗೋಲಿ ಸೋಡಾ ಮತ್ತು ಜೋನಿ ಬೆಲ್ಲದ ಸ್ಟ್ರಾ. ಒಂದೇ ಅಂದರೆ ಸ್ಟ್ರಾ. ಒಂದು ಪೀರಿಯಡ್ ಸಾಕು, ಅದರಲ್ಲಿ ಹತ್ತು ನಿಮಿಷ ಮುಖ ತೊಳೆಸುವುದಕ್ಕೆ. ಸಕ್ಕರೆ ತಿನ್ನಬಾರದ ಮಗು ಇದ್ದರೆ ಮೊದಲೇ ತಿಳಿದುಕೊಳ್ಳಿ. ಆ ಮಗುವಿಗೆ ಗಟ್ಟಿ ಗಂಜಿ, ತೆಳು ಗಂಜಿ ಎರಡು ಲೋಟ ಕೊಟ್ಟರೂ ಪಾಠ ಅದೇ ಬರುತ್ತದೆ.

ಪ್ರವಾಸ ಹೊರಡಿಸುವುದಾದರೆ ಈ ಸಲ ಮರಡಿಹಳ್ಳಿಯನ್ನೂ ಪಟ್ಟಿಗೆ ಸೇರಿಸಿ. ಶಿವಮೊಗ್ಗದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ಕೋಟೆ ನೋಡಲು ಚಿತ್ರದುರ್ಗಕ್ಕೆ ಹೇಗೂ ಹೋಗುತ್ತೀರಿ. ಸೇಂಟ್ ಮೇರಿಸ್‌ಗೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಮಳೆ ನಿಂತ ಮೇಲೆ ಹೋಗಿ. ಎರಡೂ ಕಡೆ ಕಲ್ಲು ಒಡೆಯುವಂತಿಲ್ಲ, ಚೂರನ್ನೂ ತರುವಂತಿಲ್ಲ. ವಾಪಸ್ ಹೊರಡುವಾಗ ಬಸ್ ಹತ್ತುವ ಮುಂಚೆ ಜೇಬು ನೋಡಿ. ಮಕ್ಕಳದ್ದು ಮಾತ್ರ ಅಲ್ಲ, ಮೇಷ್ಟ್ರುಗಳದ್ದೂ.